ಮಗ್ಗ ನಿಂತ ಸೋಮವಾರ

ತಪೆತೆ ಕೊಳ್ಳುವುದೊಂದೇ ಉದ್ದೇಶವಾಗಿದ್ದರೆ ತೆಯೋತಿತ್ಲಾನ್ ದೆಲ್ ವಾಯೆಗೆ ಪವಿತ್ರ ವಾರದ ಸೋಮವಾರ ಹೋಗಬೇಡಿ. ಮೆಕ್ಸಿಕೊ ದೇಶದ ವಾಹಾಕ ರಾಜ್ಯದಲ್ಲಿರುವ ಈ ಝಪೊಟೆಕ್ ಊರಿನಲ್ಲಿ ಬೇರೆ ದಿನ ಬೀದಿಯಲ್ಲಿ ನಡೆದರೆ ಸಾಕು, ಮನೆಮನೆಯ ಒಳಗಿನಿಂದ ಮಗ್ಗದ ಬಡಿತ ಕೇಳುತ್ತದೆ. ಅಂದು ಅದು ಕೇಳುವುದಿಲ್ಲ. ನೂಲಿಗೆ ಬಣ್ಣ ಕಟ್ಟುವ ಹಂಡೆಗಳ ಕೆಳಗೆ ಬೆಂಕಿ ಆರಿರುತ್ತದೆ. ಊರಿನ ಸೌದೆಯೆಲ್ಲ ತಮಾಲೆ ಎಂಬ ಮೆಕ್ಕೆಜೋಳದ ಕಡುಬು ಬೇಯುವ ಪಾತ್ರೆಗಳ ಕೆಳಗೆ ಸೇರಿರುತ್ತದೆ. ವ್ಯಾಪಾರ ಕೇಳಿದರೆ ‘ನಾಳೆ ಬನ್ನಿ’ ಅನ್ನುತ್ತಾರೆ. ಆದರೆ ತಪೆತೆ ನೇಯುವ ಜನ ಹೇಗೆ ಬದುಕುತ್ತಾರೆ, ಗಳಿಸಿದ ದುಡ್ಡು ಎಲ್ಲಿಗೆ ಹೋಗುತ್ತದೆ ಎಂದು ತಿಳಿಯುವ ಆಸೆಯಿದ್ದರೆ ವರ್ಷದಲ್ಲಿ ಇದಕ್ಕಿಂತ ಒಳ್ಳೆಯ ದಿನ ಸಿಗುವುದು ಕಷ್ಟ.

ತಪೆತೆ ಅಂದರೆ ಉಣ್ಣೆಯ ನೆಲಹಾಸು, ನಮ್ಮ ಮಾತಿನಲ್ಲಿ ಜಮಖಾನ. ವಾಹಾಕ ನಗರದಿಂದ ಪೂರ್ವಕ್ಕೆ, ಮಿತ್ಲಾ ಕಡೆಗೆ ಹೋಗುವ ಹೆದ್ದಾರಿಯಲ್ಲಿ ಸುಮಾರು 30 ಕಿಲೋಮೀಟರ್ ಹೋಗಿ ಎಡಕ್ಕೆ ತಿರುಗಿದರೆ ಊರು. ಬೆನ್ನಿಗೆ ಸಿಯೆರಾ ಹುವಾರೆಸ್ ಬೆಟ್ಟಸಾಲು, ಮುಂದೆ ತ್ಲಕೊಲೂಲಾದ ಬಯಲು. ಜನಸಂಖ್ಯೆ ಆರು ಸಾವಿರದ ಆಸುಪಾಸು. ಮನೆಯೊಳಗೆ ಝಪೊಟೆಕ್ ಮಾತು, ಗಿರಾಕಿ ಬಂದರೆ ಸ್ಪ್ಯಾನಿಷ್, ಡಾಲರಿನ ಗಿರಾಕಿ ಬಂದರೆ ನಾಲ್ಕು ಮಾತು ಇಂಗ್ಲಿಷೂ ಉಂಟು. ಮಾರ್ಚ್ ಕೊನೆ, ಏಪ್ರಿಲ್ ಅಂದರೆ ಇಲ್ಲಿ ಮಳೆಗಾಲಕ್ಕೆ ಮುಂಚಿನ ಬಿರುಬಿಸಿಲು. ಹೊಲಗಳು ಬೋಳು, ಗಾಳಿಯಲ್ಲಿ ಕೆಂಪು ಧೂಳು, ಹಸಿರೆಂದರೆ ಬೇಲಿಯ ಕಳ್ಳಿ ಮಾತ್ರ.

ಪ್ರವಾಸಿ ಕೈಪಿಡಿಗಳು ಈ ಊರನ್ನು ‘ಸಾವಿರಾರು ವರ್ಷಗಳ ಅಚ್ಚಳಿಯದ ಪರಂಪರೆ’ ಎಂದು ಹೊಗಳುತ್ತವೆ. ಈ ಹೊಗಳಿಕೆಯನ್ನು ಸ್ವಲ್ಪ ಬಿಡಿಸಿ ನೋಡಿದರೆ ತಮಾಷೆಯಾಗಿದೆ. ತಪೆತೆಗೆ ಬೇಕಾದ ಉಣ್ಣೆಯ ಕುರಿ ಸ್ಪೇನಿನಿಂದ ಬಂದದ್ದು. ಕಾಲುಮಣೆ ತುಳಿದು ನೇಯುವ ಮಗ್ಗ ಸ್ಪೇನಿನಿಂದ ಬಂದದ್ದು. ಉಣ್ಣೆ ನೂಲುವ ರಾಟೆಯೂ ಅಲ್ಲಿನದೇ. ಯೇಸುವಿನ ಮೂರ್ತಿ ಹೊತ್ತು ನಡೆಯುವ ಪವಿತ್ರ ವಾರವಂತೂ ಸರಿಯೇ ಸರಿ. ಹಾಗಾದರೆ ಇಲ್ಲಿಯವರದು ಎನ್ನುವಂಥದ್ದು ಯಾವುದು? ಹಳೆಯ ಬಣ್ಣಗಳಿವೆ, ಕಲ್ಲಿನ ಮೇಲಿಂದ ಇಳಿದು ಬಂದ ಚಿತ್ತಾರಗಳಿವೆ, ನಿಜ. ನನ್ನನ್ನು ಕೇಳಿದರೆ ಅವೆಲ್ಲಕ್ಕಿಂತ ಆಳದಲ್ಲಿರುವುದು ಒಂದು ಲೆಕ್ಕ. ಯಾರು ಯಾರಿಗೆ ಏನು ಕೊಟ್ಟರು, ಯಾವಾಗ ಹಿಂದಿರುಗಿಸಬೇಕು, ಊರಿಗೆ ಯಾರು ಎಷ್ಟು ದುಡಿಯಬೇಕು ಎಂಬ ಲೆಕ್ಕ. ಹೊರಗಿನಿಂದ ಬಂದ ಕುರಿಯನ್ನೂ ಮಗ್ಗವನ್ನೂ ದೇವರನ್ನೂ ಆ ಲೆಕ್ಕದೊಳಗೆ ಸೇರಿಸಿಕೊಂಡು ಊರು ತನ್ನದನ್ನಾಗಿ ಮಾಡಿಕೊಂಡಿದೆ.

ಸೋಮವಾರದ ಮೆರವಣಿಗೆಯಲ್ಲಿ ಇದು ಕಣ್ಣಿಗೆ ಕಾಣುತ್ತದೆ. ಈಸ್ಟರ್ ಬರುವುದು ಚಾಂದ್ರಮಾನ ನೋಡಿಕೊಂಡು, ಮಾರ್ಚ್ 21ರಂದು ಅಥವಾ ಅದರ ನಂತರ ಬರುವ ಹುಣ್ಣಿಮೆ ಕಳೆದ ಮೊದಲ ಭಾನುವಾರ. ಅದರ ಹಿಂದಿನ ಭಾನುವಾರ ಗರಿಗಳ ಹಬ್ಬ, ಪವಿತ್ರ ವಾರ ಶುರುವಾಗುವುದು ಅಂದಿನಿಂದ. ಕ್ಯಾಥೊಲಿಕರು ಇರುವ ಬಹುತೇಕ ಕಡೆಗಳಲ್ಲಿ ಆ ವಾರದ ಬಿಗಿಯೆಲ್ಲ ಗುರುವಾರ, ಶುಕ್ರವಾರಕ್ಕೆ. ಸೋಮವಾರ ಕೆಲಸದ ದಿನ. ತೆಯೋತಿತ್ಲಾನಿನಲ್ಲಿ ಹಾಗಲ್ಲ. ಬೆಳಗಿನ ಬಲಿಪೂಜೆ ಮುಗಿಯುತ್ತಿದ್ದಂತೆ ಯೇಸು ಮತ್ತು ಮರಿಯಮ್ಮನವರ ಮೂರ್ತಿಗಳನ್ನು ಗಂಡಸರು ಹೆಗಲ ಮೇಲೆ ಹೊತ್ತು ಚರ್ಚಿನಿಂದ ಹೊರಡುತ್ತಾರೆ. ಮುಖ್ಯ ಬೀದಿಯಲ್ಲಿ ಒಂದು ಸುತ್ತು ಹಾಕಿ ಬರುವ ಮೆರವಣಿಗೆಯಲ್ಲ ಇದು. ಊರಿನ ಒಂದೊಂದು ಕೇರಿಗೂ ಹೋಗಬೇಕು, ಕಲ್ಲುಹಾಸಿನ ಬೀದಿ ಮುಗಿದು ಮಣ್ಣುದಾರಿ ಶುರುವಾಗುವ ಅಂಚಿನ ಮನೆಗಳವರೆಗೂ. ಚರ್ಚಿಗೆ ಮರಳುವಷ್ಟರಲ್ಲಿ ಸಂಜೆ ಹತ್ತಿರವಾಗಿರುತ್ತದೆ.

ದಾರಿಯುದ್ದಕ್ಕೂ ತಂಗುದಾಣಗಳು. ಬೀದಿಯಲ್ಲಿ ಚಪ್ಪರ ಕಟ್ಟಿ, ಹಿಂದಿನ ಗೋಡೆಗೆ ತಪೆತೆ ಇಳಿಬಿಟ್ಟು, ಮೇಜಿನ ಮೇಲೆ ಹೂವು, ಮೇಣದ ಬತ್ತಿ ಇಟ್ಟು, ನೆಲಕ್ಕೆ ನೀರು ಚಿಮುಕಿಸಿ ಕಾದಿರುತ್ತಾರೆ. ಮೂರ್ತಿಗಳು ಅಲ್ಲಿ ಇಳಿಯುತ್ತವೆ. ಹೆಂಗಸರು ಕೋಪಲ್ ಧೂಪದ ಕುಂಡ ಹಿಡಿದು ಮುಂದೆ ಬರುತ್ತಾರೆ. ಕಸೂತಿಯ ಏಪ್ರನ್, ತಲೆಯ ಮೇಲೆ ಮಡಿಸಿದ ರೆಬೋಸೊ ಶಾಲು, ಜಡೆಯೊಳಗೆ ಹೆಣೆದ ರಿಬ್ಬನ್. ಬಿಸಿಲಲ್ಲಿ ಮಡಿಕೆಯಷ್ಟು ದಪ್ಪದ ನೆರಳನ್ನು ತಲೆಯ ಮೇಲೇ ಹೊತ್ತು ನಡೆಯಲು ಆ ಶಾಲು ಬೇಕೇ ಬೇಕು. ಪ್ರಾರ್ಥನೆ ಮುಗಿದ ಕೂಡಲೇ ಉಪಚಾರ. ದೊಡ್ಡ ಪ್ಲಾಸ್ಟಿಕ್ ಬಕೆಟ್‌ಗಳಿಂದ ಹಣ್ಣಿನ ಪಾನಕ, ತಮಾಲೆ, ಕೈಯಲ್ಲೇ ತಿರುಗಿಸಿ ಮಾಡಿದ ಐಸು. ಹಿರಿಯ ಗಂಡಸರಿಗೆ ಸಣ್ಣ ಲೋಟದಲ್ಲಿ ಮೆಸ್ಕಾಲ್ ಎಂಬ ಮದ್ಯ. ನೀವು ಯಾರು, ಯಾವ ಊರು, ಯಾವ ದೇವರು ಎಂದು ಯಾರೂ ಕೇಳುವುದಿಲ್ಲ. ಲೋಟ ಕೈಗೆ ಬರುತ್ತದೆ. ಒಂದು ತಂಗುದಾಣ ಮುಗಿಸಿ ಇನ್ನೊಂದಕ್ಕೆ ಹೋದರೆ ಅಲ್ಲಿಯೂ ಇದೇ. ಮಧ್ಯಾಹ್ನದ ಹೊತ್ತಿಗೆ ಹೊಸಬರು ಹೊಟ್ಟೆ ಹಿಡಿದುಕೊಳ್ಳುತ್ತಾರೆ.

ಇಷ್ಟೆಲ್ಲ ಊಟಕ್ಕೆ ದುಡ್ಡು ಹಾಕುವವರು ಯಾರು? ಚರ್ಚಲ್ಲ, ಸರ್ಕಾರವಲ್ಲ, ಪ್ರವಾಸೋದ್ಯಮ ಇಲಾಖೆಯಂತೂ ಅಲ್ಲ. ಮನೆಗಳು. ಆದರೆ ಒಂದೇ ಮನೆಯ ಗಂಟಿನಿಂದ ಹೊರಡುವ ಖರ್ಚೂ ಅಲ್ಲ. ಹಬ್ಬ ನಡೆಸುವ ಮನೆಗೆ ನೆಂಟರು, ಬೀಗರು, ನೆರೆಯವರು ಗೆಲಗೇತ್ಸಾ ತರುತ್ತಾರೆ. ಗೆಲಗೇತ್ಸಾ ಅಂದರೆ ನಮ್ಮ ಹಳ್ಳಿ ಮದುವೆಗಳ ಮುಯ್ಯಿ. ಕೊಟ್ಟದ್ದನ್ನು ಪುಸ್ತಕದಲ್ಲಿ ಬರೆದಿಟ್ಟುಕೊಂಡು, ಕೊಟ್ಟವರ ಮನೆಯಲ್ಲಿ ಕಾರ್ಯವಾದಾಗ ಹಿಂದಿರುಗಿಸುವುದು. ತೆಯೋತಿತ್ಲಾನಿನ ಮುಯ್ಯಿ ಪುಸ್ತಕದಲ್ಲಿ ಟರ್ಕಿ ಕೋಳಿಯ ತೂಕ, ಮೆಕ್ಕೆಜೋಳದ ಅಳತೆ, ಕೊಕೊ ಬೀಜ, ಬಿಯರ್ ಪೆಟ್ಟಿಗೆ ಎಲ್ಲವೂ ದಾಖಲಾಗುತ್ತವೆ. ಇಷ್ಟು ತೂಕದ ಕೋಳಿ ಬಂದಿದ್ದರೆ ಅಷ್ಟೇ ತೂಕದ್ದು ಹೋಗಬೇಕು. ಮಗನ ಮದುವೆ ಇನ್ನೂ ಹತ್ತು ವರ್ಷ ದೂರ ಇರುವಾಗಲೇ ತಾಯಿ ಬೇರೆಯವರ ಮನೆಗಳಿಗೆ ಕೊಡತೊಡಗುತ್ತಾಳೆ, ಅಷ್ಟೂ ಆಕೆಯ ಠೇವಣಿ. ಅಮೆರಿಕದ ಮಾನವಶಾಸ್ತ್ರಜ್ಞೆ ಲಿನ್ ಸ್ಟೀಫನ್ ಈ ಊರಿನ ಹೆಂಗಸರ ಬಗ್ಗೆ 1991ರಲ್ಲಿ ಪ್ರಕಟಿಸಿದ ಪುಸ್ತಕ ಇಂಥ ಲೆಕ್ಕಗಳನ್ನು ಕೂಲಂಕಷವಾಗಿ ನೋಡುತ್ತದೆ. ಮಗ್ಗ ಗಂಡಸರ ಕೈಯಲ್ಲಿದ್ದ ಕಾಲದಲ್ಲೂ ಮುಯ್ಯಿ ಪುಸ್ತಕದ ಹಿಡಿತ ಬಹುಮಟ್ಟಿಗೆ ಹೆಂಗಸರದೇ ಆಗಿತ್ತು.

ಇನ್ನೊಂದು ಲೆಕ್ಕ ಊರಿನದು. ವಾಹಾಕ ರಾಜ್ಯದ 570 ಪುರಸಭೆಗಳಲ್ಲಿ 400ಕ್ಕೂ ಹೆಚ್ಚು ಪಕ್ಷಗಳಿಲ್ಲದೆ, ಊರ ಸಭೆಯ ಕಟ್ಟಳೆಯಂತೆ ನಡೆಯುತ್ತವೆ. 1995ರಲ್ಲಿ ಇದಕ್ಕೆ ರಾಜ್ಯದ ಕಾನೂನಿನ ಮಾನ್ಯತೆಯೂ ಸಿಕ್ಕಿತು. ತೆಯೋತಿತ್ಲಾನ್ ಅವುಗಳಲ್ಲೊಂದು. ಇಲ್ಲಿ ಅಧಿಕಾರ ಅಂದರೆ ಹೊರೆ. ಸರದಿ ಬಂದಾಗ ಕಾವಲು, ನೀರಿನ ಸಮಿತಿ, ಶಾಲೆ, ಚರ್ಚಿನ ಉಸ್ತುವಾರಿ ಹೀಗೆ ಒಂದೊಂದು ಕೆಲಸವನ್ನು ಸಂಬಳವಿಲ್ಲದೆ ಮಾಡಿಕೊಡಬೇಕು. ರಸ್ತೆ ದುರಸ್ತಿ, ಕಾಲುವೆ ಹೂಳೆತ್ತುವುದಕ್ಕೆ ತೆಕಿಯೊ ಎಂಬ ಬಿಟ್ಟಿ ದುಡಿಮೆ ಉಂಟು. ಲಾಸ್ ಏಂಜಲೀಸಿನಲ್ಲಿ ದುಡಿಯುವ ಮಗನಿಗೂ ಇದು ತಪ್ಪಿದ್ದಲ್ಲ. ಕರೆ ಬಂದರೆ ಬರಬೇಕು, ಇಲ್ಲವೇ ಬದಲಿಯವರಿಗೆ ದುಡ್ಡು ಕಳಿಸಬೇಕು. ಚಂದದ ಸಾಮುದಾಯಿಕ ಜೀವನ ಎಂದು ದೂರದಿಂದ ಹೊಗಳುವುದು ಸುಲಭ. ಮಗ್ಗ ಬಿಟ್ಟು ಒಂದಿಡೀ ವರ್ಷ ಊರ ಕೆಲಸ ಮಾಡಿದ ಮನೆ ಆ ವರ್ಷ ಸಾಲ ಮಾಡಿಯೇ ಉಣ್ಣುತ್ತದೆ ಎಂಬುದನ್ನೂ ಜೊತೆಗೇ ಹೇಳಬೇಕು.

ಈಗ ಮಗ್ಗಕ್ಕೆ ಬರೋಣ. ಸ್ಪೇನಿನವರು 1521ರಲ್ಲಿ ಈ ಕಣಿವೆಗೆ ಬರುವ ಮೊದಲು ಇಲ್ಲಿನವರು ಸೊಂಟಕ್ಕೆ ಪಟ್ಟಿ ಕಟ್ಟಿ, ಇನ್ನೊಂದು ತುದಿಯನ್ನು ಮರಕ್ಕೆ ಬಿಗಿದು ಹತ್ತಿಬಟ್ಟೆ ನೇಯುತ್ತಿದ್ದರು. ವಾಹಾಕ ಕಣಿವೆಯ ಊರುಗಳು ಆಸ್ತೆಕ್ ದೊರೆಗಳಿಗೆ ಕಪ್ಪವಾಗಿ ಬಟ್ಟೆಯ ಹೊರೆಗಳನ್ನೂ ಕೆಂಪು ಬಣ್ಣದ ಚೀಲಗಳನ್ನೂ ಕಳಿಸುತ್ತಿದ್ದುದು ‘ಮೆಂದೋಸಾ ಕೋಡೆಕ್ಸ್’ ಎಂಬ 16ನೇ ಶತಮಾನದ ಚಿತ್ರಲಿಪಿ ಹೊತ್ತಗೆಯಲ್ಲಿ ದಾಖಲಾಗಿದೆ. ಆ ಸೊಂಟದ ಮಗ್ಗ ಹೆಂಗಸರದು. ಪಾದ್ರಿಗಳು ತಂದ ಮರದ ದೊಡ್ಡ ಮಗ್ಗ ಗಂಡಸರದಾಯಿತು. ನಿಂತು ನೇಯಬೇಕು, ಕಾಲುಮಣೆ ಒತ್ತಬೇಕು, ಹಲಗೆ ಬಡಿಯಬೇಕು. ಅಗಲ ಹೆಚ್ಚು, ವೇಗ ಹೆಚ್ಚು. ಹೊದಿಯುವ ಕಂಬಳಿ, ಸರಾಪೆ ಎಂಬ ಶಾಲು ಶತಮಾನಗಟ್ಟಲೆ ಇಲ್ಲಿಂದ ಸುತ್ತಲ ಸಂತೆಗಳಿಗೆ ಹೋದವು. ಹೊದಿಕೆ ನೆಲಕ್ಕಿಳಿದು ತಪೆತೆಯಾದದ್ದು, ಗೋಡೆಗೇರಿ ‘ಕಲೆ’ಯಾದದ್ದು 20ನೇ ಶತಮಾನದ ಪ್ರವಾಸಿಗಳ ದೆಸೆಯಿಂದ.

ಊರ ನಡುವಿನ ಚರ್ಚು ‘ಕ್ರಿಸ್ತನ ಅಮೂಲ್ಯ ರಕ್ತ’ಕ್ಕೆ ಅರ್ಪಿತವಾದದ್ದು. ಕಟ್ಟಡ ಶುರುವಾದದ್ದು 1581ರಲ್ಲಿ, ಮುಗಿದದ್ದು 1758ರಲ್ಲಿ. ನಿಂತಿರುವುದು ಹಳೆಯ ಝಪೊಟೆಕ್ ಗುಡಿಯ ಜಾಗದ ಮೇಲೆ. ಗುಡಿಯ ಕಲ್ಲುಗಳನ್ನೇ ಗೋಡೆಗೆ ಬಳಸಿದರು. ಆದರೆ ಕಟ್ಟಿದವರು ಸ್ಥಳೀಯ ಗಾರೆಯವರಾಗಿದ್ದರಿಂದಲೋ ಏನೋ, ಕೆತ್ತನೆಯಿದ್ದ ಮುಖವನ್ನು ಒಳಕ್ಕೆ ಹುದುಗಿಸದೆ ಹೊರಕ್ಕೆ ಇಟ್ಟಿದ್ದಾರೆ. ಅಂಗಳದ ಗೋಡೆಗಳಲ್ಲಿ ನಡುನಡುವೆ ಹಳೆಯ ಮುಖಗಳು, ಸುರುಳಿಗಳು ಈಗಲೂ ಹೊರಗೆ ನೋಡುತ್ತಿವೆ. ಚರ್ಚಿನ ಹಿಂಬದಿಗೆ ಹೋದರೆ ಗುಡಿಯ ಅಡಿಪಾಯವೂ ಕಾಣುತ್ತದೆ. ಮೂರ್ತಿಗಳು ಸೋಮವಾರ ಹೊರಡುವುದೂ ಮರಳುವುದೂ ಈ ಕಲ್ಲುಗಳನ್ನು ದಾಟಿಯೇ.

ತಪೆತೆಯ ಮೇಲೆ ಮತ್ತೆಮತ್ತೆ ಕಾಣುವ ಮೆಟ್ಟಿಲು ಮೆಟ್ಟಿಲಾದ ಸುರುಳಿ ಇದೇ ಹಾದಿಯಲ್ಲಿ ಮುಂದಿರುವ ಮಿತ್ಲಾ ಅವಶೇಷಗಳ ಗೋಡೆಯಿಂದ ಬಂದದ್ದು. ಮಿತ್ಲಾದಲ್ಲಿ ಸಾವಿರಾರು ಸಣ್ಣ ಕಲ್ಲುಗಳನ್ನು ಒಂದಕ್ಕೊಂದು ಕೂರುವಂತೆ ಕಡಿದು, ಗಾರೆಯಿಲ್ಲದೆ ಜೋಡಿಸಿದ್ದಾರೆ. ಕಲ್ಲಿನ ಚಿತ್ತಾರ ಮಗ್ಗದ ಮೇಲೆ ಅಷ್ಟು ಸಲೀಸಾಗಿ ಕೂತದ್ದಕ್ಕೆ ತಾಂತ್ರಿಕ ಕಾರಣವಿದೆ. ತಪೆತೆಯಲ್ಲಿ ಹಾಸು ಕಾಣುವುದಿಲ್ಲ. ಹೊಕ್ಕಿನ ಉಣ್ಣೆಯನ್ನು ಎಷ್ಟು ಬಿಗಿಯಾಗಿ ಬಡಿಯುತ್ತಾರೆಂದರೆ ಹಾಸಿನ ಎಳೆಗಳು ಪೂರ್ತಿ ಮುಚ್ಚಿಹೋಗುತ್ತವೆ. ಒಂದು ಬಣ್ಣದ ಎಳೆ ಸಾಲಿನ ಈ ತುದಿಯಿಂದ ಆ ತುದಿಗೆ ಹೋಗುವುದೂ ಇಲ್ಲ. ತನಗೆ ಮೀಸಲಾದ ಹಾಸಿನೆಳೆಗಳ ಮೇಲೆ ಓಡಾಡಿ ಹಿಂದಿರುಗುತ್ತದೆ, ಅಲ್ಲಿಂದ ಇನ್ನೊಂದು ಬಣ್ಣ ಶುರು. ಹೀಗೆ ನೇಯುವಾಗ ಅಡ್ಡಗೆರೆ ಸುಲಭ, ಓರೆಗೆರೆ ಮೆಟ್ಟಿಲಾಗಿಯೇ ಬರುತ್ತದೆ. ದುಂಡು ಎಲ್ಲಕ್ಕಿಂತ ಕಷ್ಟ, ಎಳೆಯೆಳೆ ಎಣಿಸಿ ಸಣ್ಣಸಣ್ಣ ಮೆಟ್ಟಿಲುಗಳಿಂದ ಕಣ್ಣಿಗೆ ಮೋಸ ಮಾಡಬೇಕು. ಅದಕ್ಕೇ ಒಬ್ಬ ನೇಕಾರನ ಕೈಚಳಕ ತಿಳಿಯಬೇಕಾದರೆ ಮಿತ್ಲಾದ ಸುರುಳಿ ನೋಡಬೇಡಿ, ಅವನು ನೇಯ್ದ ಹಕ್ಕಿಯ ಕಣ್ಣು ನೋಡಿ.

ಉಣ್ಣೆಯ ಕೆಲಸ ಬೇಸರದ್ದು, ಅದನ್ನು ಯಾರೂ ಪ್ರವಾಸಿಗಳಿಗೆ ಪೂರ್ತಿ ತೋರಿಸುವುದಿಲ್ಲ. ತೊಳೆಯಬೇಕು, ಮೊಳೆಹಲ್ಲಿನ ಎರಡು ಹಲಗೆಗಳ ನಡುವೆ ಹಿಂಜಬೇಕು, ರಾಟೆಯಲ್ಲಿ ನೂಲಬೇಕು. ಗಂಟೆಗಳ ಲೆಕ್ಕದಲ್ಲಿ ನೇಯ್ಗೆಗಿಂತ ಇದೇ ಹೆಚ್ಚು. ಈಗ ಬಹಳ ಮನೆಗಳು ಗಿರಣಿಯ ನೂಲನ್ನೇ ಕೊಳ್ಳುತ್ತವೆ. ಬಿಳಿ, ಬೂದು, ಕಂದುಗಪ್ಪು ಕುರಿಯ ಮೈಬಣ್ಣಗಳು. ಉಳಿದದ್ದು ಹಂಡೆಯಲ್ಲಿ ಹುಟ್ಟಬೇಕು. ಹಳದಿಗೆ ಪೆರಿಕಾನ್ ಎಂಬ ಚೆಂಡುಹೂವಿನ ಜಾತಿಯ ಗಿಡ, ಕಂದಿಗೆ ಅಕ್ರೋಟಿನ ಸಿಪ್ಪೆ, ನೀಲಿಗೆ ಇದೇ ರಾಜ್ಯದ ನಿಲ್ತೆಪೆಕ್ ಊರಿನ ನೀಲಿ ಗಿಡದ ಬಣ್ಣ. ನೀಲಿಯ ಹಂಡೆಯಿಂದ ಮೇಲೆತ್ತಿದ ನೂಲು ಮೊದಲು ಹಸಿರುಹಳದಿಯಾಗಿದ್ದು ಗಾಳಿ ತಾಗುತ್ತಿದ್ದಂತೆ ಕಣ್ಣೆದುರೇ ನೀಲಿಯಾಗುತ್ತದೆ. ಹಳದಿ ನೂಲನ್ನು ಅದೇ ಹಂಡೆಯಲ್ಲಿ ಮುಳುಗಿಸಿದರೆ ಹಸಿರು.

ಕೆಂಪಿನ ಕಥೆ ಮಾತ್ರ ಒಂದು ಖಂಡದಷ್ಟು ದೊಡ್ಡದು. ನೊಪಾಲ್ ಕಳ್ಳಿಯ ಎಲೆಯಂಥ ದಂಟಿನ ಮೇಲೆ ಬೂದಿ ಎರಚಿದ ಹಾಗೆ ಬಿಳಿಯ ಪುಡಿ ಅಂಟಿರುತ್ತದೆ. ಅದನ್ನು ಸರಿಸಿದರೆ ಒಳಗೆ ಅಲುಗಾಡದೆ ಕೂತ ಸಣ್ಣ ಹುಳು, ಕೊಚಿನೀಲ್. ಹೆಣ್ಣಿಗೆ ರೆಕ್ಕೆಯಿಲ್ಲ, ಕಳ್ಳಿಗೆ ಸೂಜಿಬಾಯಿ ಚುಚ್ಚಿ ಒಮ್ಮೆ ಕೂತರೆ ಅಲ್ಲೇ ಅದರ ಜನ್ಮ. ಸುಮಾರು ಮೂರು ತಿಂಗಳಿಗೆ ಬಲಿತ ಹುಳುವನ್ನು ಕೆರೆದು ತೆಗೆದು ಒಣಗಿಸುತ್ತಾರೆ. ಒಂದು ಪೌಂಡಿಗೆ, ಅಂದರೆ ಅರ್ಧ ಕಿಲೋಗೂ ಕಡಿಮೆ ತೂಕಕ್ಕೆ, ಸುಮಾರು 70,000 ಹುಳು ಬೇಕು. ಅದರ ಮೈಯಲ್ಲಿರುವ ಕಾರ್ಮಿನಿಕ್ ಆಮ್ಲವೇ ಬಣ್ಣ. ಪಟಿಕದ ನೀರಿನಲ್ಲಿ ಕುದಿಸಿದ ಉಣ್ಣೆ ಇದನ್ನು ಹೀರಿಕೊಂಡರೆ ಬಿಸಿಲಿಗೂ ನೀರಿಗೂ ಬೇಗ ಜಗ್ಗುವುದಿಲ್ಲ. ಸ್ಪೇನಿನ ವಸಾಹತು ಕಾಲದಲ್ಲಿ ಮೆಕ್ಸಿಕೊದಿಂದ ಹಡಗೇರಿದ ಸರಕುಗಳಲ್ಲಿ ಬೆಳ್ಳಿಯ ನಂತರದ ಬೆಲೆ ಇದಕ್ಕೆ. ಬ್ರಿಟಿಷ್ ಸೇನಾಧಿಕಾರಿಗಳ ಕೆಂಪು ಕೋಟೂ ಈ ಹುಳುವಿನ ಕೊಡುಗೆಯೇ. ಆ ಹುಳು ಸಾಕಣೆಯ ಮುಖ್ಯ ನೆಲೆ ವಾಹಾಕ.

ಇದು ಹುಳುವೋ, ಬೀಜವೋ ಎಂದು ಯುರೋಪಿನ ಪಂಡಿತರು ಬಹುಕಾಲ ಜಗಳವಾಡಿದರು. ಸ್ಪೇನ್ ಗುಟ್ಟು ಬಿಟ್ಟುಕೊಡಲಿಲ್ಲ. 1777ರಲ್ಲಿ ಥಿಯರಿ ದ ಮೆನೊನ್‌ವಿಲ್ ಎಂಬ ಫ್ರೆಂಚ್ ಸಸ್ಯವಿಜ್ಞಾನಿ ವೇಷ ಮರೆಸಿಕೊಂಡು ವಾಹಾಕಕ್ಕೆ ಬಂದು, ಹುಳುವಿದ್ದ ಕಳ್ಳಿಯ ತುಂಡುಗಳನ್ನು ಪೆಟ್ಟಿಗೆಯಲ್ಲಿ ಅಡಗಿಸಿ ಫ್ರೆಂಚರ ಕೆರಿಬಿಯನ್ ವಸಾಹತಿಗೆ ಒಯ್ದ. ಅವನು ಬೇಗ ತೀರಿಕೊಂಡ, ತೋಟ ಹಾಳಾಯಿತು. ಈಸ್ಟ್ ಇಂಡಿಯಾ ಕಂಪನಿಗೂ ಆಸೆ ಹುಟ್ಟಿತ್ತು. ಮದ್ರಾಸಿನಲ್ಲಿದ್ದ ವೈದ್ಯ ಜೇಮ್ಸ್ ಆಂಡರ್ಸನ್ ಸೈದಾಪೇಟೆಯಲ್ಲಿ ಕಳ್ಳಿ ತೋಟವನ್ನೇ ಎಬ್ಬಿಸಿ ಹುಳುವಿಗಾಗಿ ಕಾದರು. 1795ರಲ್ಲಿ ಹುಳು ಬಂತು. ಆದರೆ ಬಂದದ್ದು ಮೆಕ್ಸಿಕೊದ್ದಲ್ಲ, ಬ್ರೆಜಿಲಿನಿಂದ, ಅದೇ ಕುಲದ ಬೇರೆ ಜಾತಿಯದು. ಬಣ್ಣ ಕಳಪೆಯಾಯಿತು. ಹುಳು ಮಾತ್ರ ಕಳ್ಳಿಯನ್ನು ಗಬಗಬ ತಿಂದು ಮುಗಿಸಿತು. ಬಣ್ಣದ ದುಡ್ಡು ಬಾರದಿದ್ದರೂ ಹೊಲಗದ್ದೆಗೆ ನುಗ್ಗುವ ಕಳ್ಳಿಯನ್ನು ಹುಳು ಬಿಟ್ಟು ಅಡಗಿಸಬಹುದು ಎಂಬ ಉಪಾಯ ಹಾಗೆ ಆಕಸ್ಮಿಕವಾಗಿ ಸಿಕ್ಕಿತು. ದಕ್ಷಿಣ ಭಾರತದ ಬಯಲುಗಳನ್ನು ಮತ್ತೊಂದು ಜಾತಿಯ ಪಾಪಾಸುಕಳ್ಳಿ ಆವರಿಸಿದಾಗ 1926ರಲ್ಲಿ ಸಿಂಹಳದಿಂದ ಇದೇ ಕುಲದ ಇನ್ನೊಂದು ಹುಳುವನ್ನು ತಂದು ಬಿಟ್ಟರು. ಪಾಪಾಸುಕಳ್ಳಿ ಹಿಂದೆ ಸರಿಯಿತು. ಕಳ್ಳಿಯೂ ಅದರ ಶತ್ರುವೂ ಅಮೆರಿಕ ಖಂಡದಿಂದಲೇ ಬಂದವು. ವಾಹಾಕದಲ್ಲಿ ಇವೆರಡನ್ನೂ ಒಟ್ಟಿಗೆ, ಒಂದು ಇನ್ನೊಂದನ್ನು ಕೊಲ್ಲದ ಹಾಗೆ ಸಾಕುವುದೇ ರೈತನ ಜಾಣ್ಮೆ.

ತೆಯೋತಿತ್ಲಾನಿನ ಯಾವ ತಪೆತೆ ಅಂಗಡಿಗೆ ಹೋದರೂ ಒಂದು ಪ್ರದರ್ಶನ ಇದ್ದದ್ದೇ. ಅಂಗೈಯಲ್ಲಿ ಹುಳು ಜಜ್ಜಿದರೆ ರಕ್ತಗೆಂಪು. ಮೇಲೆ ನಿಂಬೆರಸ ಹಿಂಡಿದರೆ ಕಿತ್ತಳೆಗೆಂಪು. ಸುಣ್ಣದ ಪುಡಿ ಹಾಕಿದರೆ ನೇರಳೆ. ಗಿರಾಕಿ ಬಾಯಿ ಬಿಡುತ್ತಾನೆ. ರಸಾಯನಶಾಸ್ತ್ರ ಸುಳ್ಳಲ್ಲ, ಹುಳಿಗೂ ಕ್ಷಾರಕ್ಕೂ ಈ ಬಣ್ಣ ಹೀಗೆಯೇ ಓಲಾಡುತ್ತದೆ. ಆದರೆ ಅಂಗೈಯಲ್ಲಿ ತೋರಿಸಿದ್ದೇ ಗೋಡೆಯ ಮೇಲಿನ ತಪೆತೆಯಲ್ಲೂ ಇದೆ ಎಂದು ನಂಬಬೇಕಾಗಿಲ್ಲ. 19ನೇ ಶತಮಾನದ ನಡುವಿನಲ್ಲಿ ಯುರೋಪಿನ ಕೃತಕ ಬಣ್ಣಗಳು ಬಂದದ್ದೇ ತಡ ಕೊಚಿನೀಲಿನ ಬೆಲೆ ಕುಸಿಯಿತು, ವಾಹಾಕದ ಕಳ್ಳಿ ತೋಟಗಳು ಹಾಳುಬಿದ್ದವು, ನೇಕಾರರೂ ಪೊಟ್ಟಣದ ಬಣ್ಣಕ್ಕೆ ಇಳಿದರು. ಹಳೆಯ ಬಣ್ಣಗಳಿಗೆ ಮತ್ತೆ ಜೀವ ಬಂದದ್ದು 20ನೇ ಶತಮಾನದ ಉತ್ತರಾರ್ಧದಲ್ಲಿ. ವಾಹಾಕದವರೇ ಆದ ಚಿತ್ರಕಾರರು ರುಫೀನೊ ತಮಾಯೊ, ಫ್ರಾನ್ಸಿಸ್ಕೊ ತೊಲೆದೊ ಇಲ್ಲಿನ ನೇಕಾರರ ಜೊತೆ ಕೆಲಸ ಮಾಡಿದರು, ಬಣ್ಣದ ಹುಡುಕಾಟಕ್ಕೆ ಹುಮ್ಮಸ್ಸು ಸಿಕ್ಕಿತು. ಈಗ ಕೊಚಿನೀಲ್ ದುಬಾರಿ. ಅದರಲ್ಲೇ ಪೂರ್ತಿ ಕೆಲಸ ಮಾಡುವ ಮನೆಗಳಿವೆ, ಬೆಲೆಯೂ ಹಾಗೇ ಇರುತ್ತದೆ. ಕೃತಕ ಬಣ್ಣದ್ದನ್ನು ಕೃತಕ ಎಂದೇ ಹೇಳಿ ಮಾರುವವರ ಮೇಲೆ ನನಗೆ ಯಾವ ತಕರಾರೂ ಇಲ್ಲ.

‘ಪರಂಪರೆ’ಯ ಮಾರುಕಟ್ಟೆ ಹೇಗೆ ನಡೆಯುತ್ತದೆ ಎಂಬುದಕ್ಕೆ ಈ ಊರು ಒಂದು ಪಾಠಶಾಲೆ. 1942ರಿಂದ 1964ರವರೆಗೆ ಅಮೆರಿಕ ಮೆಕ್ಸಿಕೊದಿಂದ ಕೂಲಿಯಾಳುಗಳನ್ನು ಕರಾರಿನ ಮೇಲೆ ಕರೆಸಿಕೊಂಡಿತು. ತೆಯೋತಿತ್ಲಾನಿನಿಂದಲೂ ಗಂಡಸರು ಹೋದರು. ಮಗ್ಗ ಖಾಲಿಯಾಯಿತು, ಹೆಂಗಸರು ಅದರ ಮುಂದೆ ನಿಂತರು, ಮತ್ತೆ ಹಿಂದೆ ಸರಿಯಲಿಲ್ಲ. ಆಮೇಲೆ ಅಮೆರಿಕದ ನೈಋತ್ಯ ರಾಜ್ಯಗಳಲ್ಲಿ ನವಾಹೊ ಬುಡಕಟ್ಟಿನ ಕಂಬಳಿಗಳಿಗೆ ವಿಪರೀತ ಬೆಲೆ ಬಂತು. ಅಲ್ಲಿನ ವ್ಯಾಪಾರಿಗಳು ನವಾಹೊ ಚಿತ್ರಗಳನ್ನು ತಂದು ಇಲ್ಲಿ ಅಗ್ಗಕ್ಕೆ ನೇಯಿಸಿದರು. ಯುರೋಪಿನ ಕಲಾವಿದರಾದ ಪಿಕಾಸೊ, ಮಿರೊ, ಎಷರ್ ಚಿತ್ರಗಳೂ ಮಗ್ಗವೇರಿದವು. ಅಷ್ಟಕ್ಕೇ ನಿಲ್ಲಲಿಲ್ಲ. ಕೆಲವು ಆಮದುದಾರರು ಝಪೊಟೆಕ್ ವಿನ್ಯಾಸಗಳನ್ನೇ ಎತ್ತಿಕೊಂಡು ಹೋಗಿ ನಮ್ಮ ಭಾರತದ ಮಗ್ಗಗಳಲ್ಲಿ ಇನ್ನೂ ಅಗ್ಗಕ್ಕೆ ನೇಯಿಸಿದರು. ನವಾಹೊ ಜನರ ಹೊಟ್ಟೆಯ ಮೇಲೆ ತೆಯೋತಿತ್ಲಾನ್, ತೆಯೋತಿತ್ಲಾನಿನ ಹೊಟ್ಟೆಯ ಮೇಲೆ ನಾವು. ನಕಲು ಮಾಡಿದ ನೇಕಾರರಿಗೆ ಎರಡೂ ಕಡೆ ಸಿಕ್ಕಿದ್ದು ಕೂಲಿ ಮಾತ್ರ.

ಊರೊಳಗೂ ಎಲ್ಲರೂ ಸಮಾನರಲ್ಲ. ಹೆದ್ದಾರಿಯಿಂದ ಊರಿಗೆ ಬರುವ ದಾರಿಯಲ್ಲೂ ಮುಖ್ಯ ಬೀದಿಯಲ್ಲೂ ದೊಡ್ಡ ಷೋರೂಮುಗಳಿವೆ. ಪ್ರವಾಸಿ ಬಸ್ಸು, ಟ್ಯಾಕ್ಸಿ ನಿಲ್ಲುವುದು ಅಲ್ಲಿ, ಕರೆತಂದವರಿಗೆ ಕಮಿಷನ್ ಸಿಗುವುದೂ ಅಲ್ಲಿ. ಒಳಗೇರಿಯ ನೇಕಾರರು ಅವರಿಗೆ ನೇಯ್ದು ಕೊಡುತ್ತಾರೆ. ನೂಲು ಅವರದು, ವಿನ್ಯಾಸ ಅವರದು, ತಪೆತೆಗೆ ಇಷ್ಟು ಎಂಬ ಕೂಲಿ ಇವರದು. ಇದನ್ನು ತಪ್ಪಿಸಿಕೊಳ್ಳಲು 1980ರ ದಶಕದಿಂದ ಹೆಂಗಸರು ಸಹಕಾರ ಸಂಘ ಕಟ್ಟತೊಡಗಿದರು. ಮದುವೆಯಾಗದವರು, ವಿಧವೆಯರು, ಗಂಡ ಅಮೆರಿಕ ಸೇರಿದವರು ಒಟ್ಟಾಗಿ ನಡೆಸುವ ‘ವಿದಾ ನುಯೆವಾ’ ಅಂಥದ್ದೊಂದು. ಗಂಡಸಿನ ಹೆಸರಿಲ್ಲದೆ ಮಾರುತ್ತೇವೆ ಎಂದಾಗ ಊರು ಮೂಗು ಮುರಿಯಿತು. ಊರ ಕೆಲಸಗಳಿಗೂ ಸಂಘ ತನ್ನ ಪಾಲು ದುಡಿಯತೊಡಗಿದ ಮೇಲೆ ಮೂಗು ಸ್ವಲ್ಪ ನೆಟ್ಟಗಾಯಿತು. ಮತ್ತೆ ಅದೇ ಲೆಕ್ಕದ ಮಾತು.

ವಾರದ ಉಳಿದ ದಿನಗಳು ಹೆಚ್ಚುಕಡಿಮೆ ಮೆಕ್ಸಿಕೊದ ಬೇರೆ ಊರುಗಳ ಹಾಗೆಯೇ. ಗುರುವಾರ ರಾತ್ರಿಯಿಂದ ಚರ್ಚಿನ ಗಂಟೆ ಹೊಡೆಯುವುದಿಲ್ಲ, ಬದಲಿಗೆ ಮರದ ಗರಗರಿ ತಿರುಗಿಸಿ ಜನರನ್ನು ಕರೆಯುತ್ತಾರೆ. ಶುಕ್ರವಾರ ಶಿಲುಬೆ ಹೊತ್ತ ಮಗನ ಮೂರ್ತಿ ಒಂದು ದಾರಿಯಲ್ಲಿ, ತಾಯಿಯ ಮೂರ್ತಿ ಇನ್ನೊಂದು ದಾರಿಯಲ್ಲಿ ಬಂದು ಎದುರಾಗುತ್ತವೆ. ಅದೇ ಸಂಜೆ ವಾಹಾಕ ನಗರದಲ್ಲಿ ಮೌನ ಮೆರವಣಿಗೆ, ಮುಸುಕು ಹಾಕಿದವರು ಬರಿಗಾಲಲ್ಲಿ ನಡೆಯುವ, ಕ್ಯಾಮೆರಾಗಳಿಗೆ ಹಬ್ಬವಾದ ದೃಶ್ಯ. ಅದನ್ನು ನೋಡಬಾರದೆಂದಲ್ಲ, ಆದರೆ ಅಲ್ಲಿ ನೀವು ಪಾದಚಾರಿ ಹಾದಿಯ ಮೇಲೆ ನಿಂತ ಪ್ರೇಕ್ಷಕರು. ಹಳ್ಳಿಯ ಸೋಮವಾರ ನಿಮ್ಮ ಕೈಗೆ ಲೋಟ ಕೊಟ್ಟು ಒಳಗೆ ಎಳೆದುಕೊಳ್ಳುತ್ತದೆ. ಈಸ್ಟರಿಗೆ ಮುಂಚಿನ ತಪಸ್ಸುಕಾಲದ ಶುಕ್ರವಾರಗಳಲ್ಲಿ ಮಾಂಸವಿಲ್ಲ, ಒಣಸಿಗಡಿಯ ವಡೆ, ಬೀನ್ಸು, ಕಳ್ಳಿಯ ಪಲ್ಯ. ದೊಡ್ಡ ಕಾರ್ಯಗಳ ಬೆಳಗ್ಗೆ ಈ ಊರಿನವರು ಕೊಡುವ ಚಾಕೊಲೇಟ್ ಆತೋಲೆ ಸಿಕ್ಕರೆ ಬಿಡಬೇಡಿ. ಬಿಸಿ ಜೋಳದ ಗಂಜಿಯ ಮೇಲೆ ತಣ್ಣಗಿನ ಕೊಕೊ ನೊರೆ. ಆ ನೊರೆಗೆ ಬೇಕಾದ ಬಿಳಿ ಕೊಕೊ ಬೀಜವನ್ನು ಮಣ್ಣಿನಲ್ಲಿ ಹೂತು ತಿಂಗಳುಗಟ್ಟಲೆ ಹದ ಮಾಡಿರುತ್ತಾರೆ.

ಹೋಗುವವರಿಗೆ ನಾಲ್ಕು ಮಾತು. ಮೆರವಣಿಗೆಯಲ್ಲಿ ಮೂರ್ತಿಗಿಂತ ಮುಂದೆ ಓಡಿ ಫೋಟೊ ಹೊಡೆಯಬೇಡಿ, ಹೆಂಗಸರ ಮುಖಕ್ಕೆ ಕ್ಯಾಮೆರಾ ಹಿಡಿಯುವ ಮೊದಲು ಕೇಳಿ. ಕೊಟ್ಟ ಪಾನಕಕ್ಕೆ ದುಡ್ಡು ಚಾಚಬೇಡಿ, ಅವಮಾನವಾಗುತ್ತದೆ. ತಪೆತೆ ಕೊಳ್ಳುವಾಗ ಎರಡೂ ಮಗ್ಗುಲು ನೋಡಿ, ಒಳ್ಳೆಯ ನೇಯ್ಗೆಗೆ ಒಳಮೈ ಹೊರಮೈ ಭೇದವಿಲ್ಲ. ಅಂಚಿನ ಒಂದೆಳೆ ಕಿತ್ತು ಬೆಂಕಿ ತಾಗಿಸಲು ಒಪ್ಪುವ ಅಂಗಡಿಯಾದರೆ ಇನ್ನೂ ಒಳ್ಳೆಯದು. ಉಣ್ಣೆ ಕೂದಲು ಸುಟ್ಟ ವಾಸನೆ ಹೊಡೆದು ತಾನೇ ಆರುತ್ತದೆ, ಕೃತಕ ನೂಲು ಕರಗಿ ಮಣಿಯಾಗುತ್ತದೆ. ಒದ್ದೆ ಬಿಳಿ ಬಟ್ಟೆಯಿಂದ ಉಜ್ಜಿದರೆ ಬಣ್ಣ ಬಿಡಬಾರದು. ಎಲ್ಲಕ್ಕಿಂತ ಮುಖ್ಯವಾಗಿ, ನೇಯ್ದವರು ಯಾರು ಎಂದು ಕೇಳಿ. ಒಳಗೇರಿಯ ಮನೆಯಾದರೆ ಉತ್ತರ ಹೇಳುವವರೇ ನೇಯ್ದವರಾಗಿರುತ್ತಾರೆ.

ಚೌಕಾಶಿ ಮಾಡಲೇಬೇಕೆನ್ನಿಸಿದರೆ ಅವರ ಅಂಗಳದ ಮೂಲೆಗೊಮ್ಮೆ ಕಣ್ಣು ಹಾಯಿಸಿ. ನೀವು ಕೊಡುವ ದುಡ್ಡು ಸೇರುವುದು ಹಬ್ಬಗಳ ಖರ್ಚಿಗೂ. ಜುಲೈ ತಿಂಗಳ ಮೊದಲ ಬುಧವಾರ ಚರ್ಚಿನ ದೊಡ್ಡ ಹಬ್ಬ. ಅಂದು ತಲೆಯ ಮೇಲೆ ಗರಿಯ ಚಕ್ರ ಹೊತ್ತು ಕುಣಿಯುವ ಹುಡುಗರು ಮೂರು ವರ್ಷ ಕುಣಿಯುತ್ತೇವೆಂದು ಹರಕೆ ಹೊತ್ತವರು, ವೇಷದ ಖರ್ಚೂ ಊಟದ ಖರ್ಚೂ ಅವರ ಮನೆಯವರದು. ಬೆಲೆ ಕೇಳುತ್ತಾ ನೀವು ನಿಂತ ಜಾಗಕ್ಕೆ ನಾಲ್ಕು ಮಾರು ದೂರದಲ್ಲಿ ಯಾರದೋ ಮುಯ್ಯಿಗೆ ಸಲ್ಲಬೇಕಾದ ಟರ್ಕಿ ಕೋಳಿಗಳು ಜೋಳ ಹೆಕ್ಕುತ್ತಾ ತೂಕ ಏರಿಸಿಕೊಳ್ಳುತ್ತಿರುತ್ತವೆ.